ಆ ದ್ವೀಪದಲ್ಲಿ ಇಲ್ಲದ ಪಿಕಳಾರ

ಕಳೆದ ಜನವರಿಯ ಮೂರನೇ ಶನಿವಾರ ಸಂಜೆ, ಶ್ರೀಲಂಕಾದ ಸಿಂಹರಾಜ ಮಳೆಕಾಡಿನ ಅಂಚಿನಲ್ಲಿ, ನಾಗರತ್ನ ಎಂಬವರು ಕಾಣೆಯಾದರು. ವಯಸ್ಸು ಅರವತ್ತೇಳು, ಊರು ಬೆಂಗಳೂರು, ಮನೆ ಯಡಿಯೂರು. ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು. ಹಕ್ಕಿ ನೋಡಲು ಹೋಗಿದ್ದರು. ಅವರ ಜೊತೆ ಬೆಂಗಳೂರಿನಿಂದ ಹೋಗಿದ್ದವರು ಇಬ್ಬರು: ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿರುವ ಮಹಾಂತೇಶ, ಮತ್ತು ಬನಶಂಕರಿಯ ನಾನು, ಕ್ರಿಯಾ.

ಯಡಿಯೂರು ಕೆರೆ

ಹೋದದ್ದು ಯಾಕೆ ಎಂದು ಮೊದಲು ಹೇಳಬೇಕು.

ನಾಗರತ್ನ ಮೇಡಂ ಭಾನುವಾರ ಬೆಳಿಗ್ಗೆ ಯಡಿಯೂರು ಕೆರೆಯ ಸುತ್ತ ನಮಗೆ ಹಕ್ಕಿ ತೋರಿಸುತ್ತಾರೆ. ತೋರಿಸುತ್ತಾರೆ ಅನ್ನುವುದಕ್ಕಿಂತ ಕೇಳಿಸುತ್ತಾರೆ ಅನ್ನುವುದು ಸರಿ. ಪೊರೆ ಬಂದು ಅವರಿಗೆ ದೂರದ್ದೆಲ್ಲ ಮಂಜಾಗಿ ಬಹಳ ವರ್ಷವಾಗಿತ್ತು. ಕಿವಿ ಮಾತ್ರ ಸಾಮಾನ್ಯದ್ದಲ್ಲ. ಕಳೆದ ವರ್ಷ ಎರಡೂ ಕಣ್ಣಿಗೆ ಆಪರೇಷನ್ ಆಯಿತು. ಆದ ಮೇಲೆ ಒಂದೇ ಹಟ ಹಿಡಿದರು: ಹಸಿರು ಕೊಕ್ಕಿನ ಕೆಂಬೂತವನ್ನು ನೋಡಬೇಕು. ಕೆಂಬೂತ ನಮ್ಮಲ್ಲೂ ಇದೆ. ಕಾಗೆಯಷ್ಟು ದೊಡ್ಡದು, ಕೆಂಗಂದು ರೆಕ್ಕೆ, ಪೊದೆಯೊಳಗೇ ಓಡಾಟ. ಅದರ ಜಾತಿಯದೇ ಇನ್ನೊಂದು ಹಕ್ಕಿ ಲಂಕೆಯ ಕಾಡಿನಲ್ಲಿದೆ, ಕೊಕ್ಕು ಎಳೆಹಸಿರು, ಬೇರೆ ಯಾವ ದೇಶದಲ್ಲೂ ಇಲ್ಲ. ಅದರ ದನಿ ಕೇಳಿದವರು ಬಹಳ ಜನ, ಕಂಡವರು ಕಡಿಮೆ.

"ಇಷ್ಟು ವರ್ಷ ಕಿವಿಲೇ ನೋಡಿದ್ದಾಯ್ತು," ಎಂದರು ಮೇಡಂ. "ಇದೊಂದನ್ನ ಕಣ್ಣಲ್ಲಿ ನೋಡ್ತೀನಿ."

ನಮ್ಮ ಗುಂಪಿನಲ್ಲಿ ಒಂದು ಪದ್ಧತಿ ಇದೆ. ಯಾರಾದರೂ ಹಕ್ಕಿಯಲ್ಲದ್ದನ್ನು ಹಕ್ಕಿ ಎಂದರೆ, ಆ ವಸ್ತುವಿಗೆ ಆ ಹಕ್ಕಿಯ ಹೆಸರೇ ಕಾಯಂ. ಗಣೇಶನ ಹಬ್ಬ ಮುಗಿದ ವಾರ ಕೆರೆಯ ನಡುವೆ ಅಲುಗದೆ ನಿಂತಿದ್ದ ಬಿಳಿ ಆಕಾರವನ್ನು ನಾನು ಬೆಳ್ಳಕ್ಕಿ ಎಂದೆ. ಮಂಟಪದ ಚೂರು. ಅದು ಥರ್ಮಾಕೋಲ್ ಬೆಳ್ಳಕ್ಕಿಯಾಯಿತು. ಜೆ.ಪಿ. ನಗರದ ಒಂದು ಪಾರ್ಕಿನಲ್ಲಿ ಟಕ್ ಟಕ್ ಎಂದು ಬಿಡದೆ ಕೂಗುತ್ತಿದ್ದ ಕಂಚುಗಾರ ಹಕ್ಕಿಯನ್ನು ಅರ್ಧ ಬೆಳಗು ಹುಡುಕಿದೆವು. ಪಕ್ಕದ ಅಪಾರ್ಟ್‌ಮೆಂಟಿನ ನೀರಿನ ಮೋಟಾರು ಅದು. ಮೋಟಾರ್ ಕಂಚುಗಾರ.

ಇದರಲ್ಲಿ ಹೆಚ್ಚು ಹೆಸರು ಕೊಟ್ಟವನು ಮಹಾಂತೇಶ. ಬಾಗಲಕೋಟೆ ಕಡೆಯವನು, ಆಫೀಸು ಕೆಲಸ, ಮೂವತ್ತರ ಒಳಗಿನ ವಯಸ್ಸು. ಮೊದಲ ಸಲ ಕೆರೆಗೆ ಬಂದ ದಿನ ರಸ್ತೆಯ ಕಡೆ ಕಿವಿಗೊಟ್ಟು ನಿಂತುಬಿಟ್ಟ.

"ಅಕ್ಕಾರ, ಇದು ಭಾಳ ಛಲೋ ಸಿಳ್ಳಿ ಹೊಡಿತೈತಿ ನೋಡ್ರಿ. ಯಾವ ಹಕ್ಕಿ ಇದು?"

"ಮೂರನೇದೂ ಹೊಡೀಲಿ, ತಡಿ," ಎಂದರು ಮೇಡಂ.

ಹೊಡೆಯಿತು.

"ಹಾಂ, ಬೇಳೆ ಬೆಂತು. ಎರಡನೇ ಮಹಡಿ ಮಂಜುಳಾ ಅವರ ಮನೆ ಕುಕ್ಕರ್."

ಹಾಡುವ ಗಾಡಿ

ಕಾಡಿನ ಅಂಚಿನ ಹಳ್ಳಿಯಲ್ಲಿ ನಾವು ಉಳಿದದ್ದು ನಿಮಲ್ ಎಂಬವನ ಮನೆಯಲ್ಲಿ. ನಮ್ಮನ್ನು ಕಾಡಿಗೆ ಕರೆದೊಯ್ಯುವವನೂ ಅವನೇ. ಸಿಂಹಳ ಅವನ ಮನೆಮಾತು, ತಮಿಳೂ ಬರುತ್ತಿತ್ತು, ಮಹಾಂತೇಶನ ಮತ್ತು ನನ್ನ ಜೊತೆ ಇಂಗ್ಲಿಷ್. ಮೇಡಂ ಬೆಂಗಳೂರಿನ ಸಿದ್ದಾಪುರದಲ್ಲಿ ಬೆಳೆದವರು. ವಠಾರದಲ್ಲಿ ಆಡಿ ಕಲಿತ ತಮಿಳು ಅವರದು. ಇವರ ತಮಿಳು ಅವನಿಗೆ, ಅವನ ತಮಿಳು ಇವರಿಗೆ ಎರಡು ಮೂರು ಸಲ ಹೇಳಿದ ಮೇಲೆ ತಿಳಿಯುತ್ತಿತ್ತು. ಅಲ್ಲಿ ಮನೆಯಿಂದ ಹೊರಡುವವರು ಹೋಗುತ್ತೇನೆ ಅನ್ನುವುದಿಲ್ಲ, ಹೋಗಿ ಬರುತ್ತೇನೆ ಅನ್ನುತ್ತಾರೆ ಎಂದು ನಿಮಲ್ ಹೇಳಿದಾಗ ಮೇಡಂ, "ಇಷ್ಟು ದೂರ ಬಂದಿದ್ದು ಇದನ್ನ ಕೇಳೋಕಾ?" ಎಂದರು. ಖುಷಿಯಲ್ಲೇ ಅಂದದ್ದು.

ಮೊದಲ ಬೆಳಿಗ್ಗೆ ರಸ್ತೆಯಲ್ಲಿ ಆಟೋವೊಂದು ಪಿಯಾನೋ ಸಂಗೀತ ಹಾಕಿಕೊಂಡು ಬಂತು. ಮೇಡಂ ಹಾಸಿಗೆಯಿಂದ ಎದ್ದವರೇ ಅಡುಗೆಮನೆಯ ಬಾಳೆಹಣ್ಣಿನ ಸಿಪ್ಪೆ, ಹಳಸಿದ ಅನ್ನ ಎಲ್ಲವನ್ನೂ ಕವರಿಗೆ ತುಂಬಿ ಗೇಟಿಗೆ ಓಡಿದರು. ಆಟೋದವನು ಇಳಿದು ಹಿಂದಿನ ಗಾಜಿನ ಬಾಗಿಲು ತೆರೆದು ಬಿಸಿ ಬನ್ನೊಂದನ್ನು ಚಾಚಿದ. ಮೇಡಂ ಕವರು ಚಾಚಿದರು. ಇಬ್ಬರೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು. ಜಯನಗರದ ಕಡೆ ಬೆಳಿಗ್ಗೆ ಹಾಡು ಹಾಕಿಕೊಂಡು ಬರುವ ಆಟೋ ಕಸದ್ದು. ಅಲ್ಲಿ ಬ್ರೆಡ್ಡಿನದು. ನಿಮಲ್‌ನ ಹೆಂಡತಿ ನಗು ತಡೆಯಲಾರದೆ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಅಂದು ಮಧ್ಯಾಹ್ನದಿಂದ ನಮ್ಮ ತಪ್ಪುಗಳ ಬಗೆ ಬದಲಾಯಿತು. ಯಡಿಯೂರಿನಲ್ಲಿ ನಾವು ಎಲೆಯನ್ನು ಹಕ್ಕಿ ಅನ್ನುತ್ತೇವೆ. ಎಲೆಹಕ್ಕಿ ಎಂಬ ಹೆಸರಿನ ಹಕ್ಕಿಯೇ ಇರುವುದರಿಂದ ಆ ನೆಪದಲ್ಲಿ ತಪ್ಪಿಸಿಕೊಳ್ಳುತ್ತೇವೆ. ಆ ಕಾಡಿನಲ್ಲಿ ಹಾಗಿರಲಿಲ್ಲ. ಹಾದಿಯ ಪಕ್ಕ, ಎದೆಯೆತ್ತರದ ಕೊಂಬೆಯಲ್ಲಿ ಒಣಗಿದ ಎಲೆಗಳ ಗೊಂಚಲೊಂದು ಸಿಕ್ಕಿಕೊಂಡಿತ್ತು. ಮಹಾಂತೇಶ ಅದನ್ನು ಸರಿಸಲು ಕೈ ಎತ್ತಿದ. ನಿಮಲ್ ಅವನ ಮಣಿಕಟ್ಟು ಹಿಡಿದ. ಎಲೆ ಕಣ್ಣು ತೆರೆಯಿತು. ಎರಡು ಹಳದಿ ಕಣ್ಣು, ಅವುಗಳ ಕೆಳಗೆ ಮುಖದಷ್ಟೇ ಅಗಲದ ಬಾಯಿ. ನಮ್ಮನ್ನು ನೋಡಿತು, ಮತ್ತೆ ಮುಚ್ಚಿತು. ಎಲೆಯಾಯಿತು. ಕಪ್ಪೆಬಾಯಿ ಎನ್ನುವ ಹಕ್ಕಿ ಅದು. ಹಗಲಿಡೀ ಹಾಗೇ ಕೂತಿರುತ್ತದೆ.

"ಇಲ್ಲೀತನ ಎಷ್ಟು ಎಲಿ ಸರಿಸ್ಕೋತ ಬಂದೀನೊ ಏನೋ," ಎಂದು ಮಹಾಂತೇಶ ಮೆಲ್ಲಗೆ ಹೇಳಿದ. ಆಮೇಲೆ ಅವನು ಕೈಗಳನ್ನು ಜೇಬಿನಿಂದ ತೆಗೆಯಲಿಲ್ಲ.

ನಿಮಲ್‌ಗೆ ಒಂದು ಅಭ್ಯಾಸ. ಹಕ್ಕಿ ಕೂಗಿದರೆ ತಕ್ಷಣ ಹೆಸರು ಹೇಳುತ್ತಾನೆ. ಮುಸ್ಸಂಜೆ ಕವಿದ ಮೇಲೆ ಕೂಗಿದರೆ ಹೇಳುವುದಿಲ್ಲ. ಯಾಕೆ ಎಂದು ಮೇಡಂ ಕೇಳಿದರು. ಅಲ್ಲಿ ಒಂದು ದನಿ ಇದೆಯಂತೆ, ಹೆಂಗಸಿನ ಕೂಗಿನ ಹಾಗಿರುತ್ತದಂತೆ. ಹಳ್ಳಿಯವರೆಲ್ಲ ಅದಕ್ಕೆ ಉಲಮ ಎನ್ನುತ್ತಾರೆ. ಅದು ಯಾವ ಹಕ್ಕಿ ಎಂಬುದರಲ್ಲಿ ಇಬ್ಬರ ಮಾತು ಒಂದಿಲ್ಲ. ಕೆಲವರಿಗೆ ಗೂಬೆ, ಕೆಲವರಿಗೆ ಗಿಡುಗ. "ತಪ್ಪು ಹೇಳೋದಕ್ಕಿಂತ ಸುಮ್ಮನಿರೋದು ವಾಸಿ," ಎಂದ.

ತಿರುವು

ಶನಿವಾರ ಸಂಜೆ ಕಾಡಿನ ಹೊರಗೆ, ಚಹಾ ತೋಟದ ಮೇಲಿನ ಹಾದಿಯಲ್ಲಿ ಹೋದೆವು. ಎಡಕ್ಕೆ ತೋಟ, ಬಲಕ್ಕೆ ಕಾಡಿನ ಇಳಿಜಾರು, ಕೆಳಗೆಲ್ಲೋ ಹಳ್ಳದ ಸದ್ದು. ಮೇಡಂ ಕೈಯಲ್ಲಿ ಕೊಡೆ, ಮೈಮೇಲೆ ಕಂದು ಸ್ವೆಟರ್. ಒಂದು ಕಡೆ ನಿಂತು ತಲೆ ವಾಲಿಸಿದರು. ಕೆಳಗಿನಿಂದ ಆಳವಾದ, ಕೊಳವೆಯೊಳಗಿಂದ ಬಂದಂಥ ದನಿ. ಎರಡು ಸ್ವರ. ಎರಡನೆಯದು ಉದ್ದ.

"ಅದೇ," ಎಂದ ನಿಮಲ್. ಹಸಿರು ಕೊಕ್ಕಿನ ಕೆಂಬೂತ.

ಅಷ್ಟರಲ್ಲಿ ಹಾದಿಯ ಮುಂದೆ, ಮರಗಳ ತುದಿಯಲ್ಲಿ, ಬಗೆಬಗೆಯ ಹಕ್ಕಿಗಳ ದಂಡೊಂದು ಸಾಗುವುದು ಕಾಣಿಸಿತು. ಮಹಾಂತೇಶ ನಮ್ಮನ್ನು ಆ ಕಡೆ ಎಳೆದ.

"ನೀವು ಹೋಗ್ತಿರಿ, ನಾನು ಇಲ್ಲೇ ಇರ್ತೀನಿ," ಎಂದರು ಮೇಡಂ. "ಮೂರು ಜನ ನನ್ನ ಬೆನ್ನಿಗೆ ಉಸಿರು ಬಿಡ್ತಾ ನಿಂತ್ರೆ ಅದು ಹೊರಗೆ ಬರಲ್ಲ."

ನಾವು ತಿರುವು ದಾಟಿದೆವು. ದಂಡನ್ನು ನೋಡುತ್ತ ನಿಂತೆವು. ನಡುನಡುವೆ ಮಹಾಂತೇಶ ಹಿಂದಿರುಗಿ ನೋಡುತ್ತಿದ್ದ. ಬೆಳಕು ಇಳಿಯುತ್ತಿತ್ತು.

"ಅಕ್ಕಾರು ಬರಾಕತ್ತಾರ," ಎಂದ.

ನಾನೂ ನೋಡಿದೆ. ತೋಟದ ಅಂಚಿನಲ್ಲಿ, ಪೊದೆಗಳ ನಡುವೆ ಕಂದು ಬಣ್ಣ, ತುಸು ಬಾಗಿದ ಹೆಗಲು. ಮಹಾಂತೇಶ ಕೈ ಬೀಸಿದ. ಅಲ್ಲಿಂದಲೂ ಕೈ ಬೀಸಿದಂತಾಯಿತು. ನಾವು ಮತ್ತೆ ಹಕ್ಕಿಗಳ ಕಡೆ ತಿರುಗಿದೆವು.

ವಾಪಸು ಬಂದಾಗ ಅದು ಅಲ್ಲೇ ಇತ್ತು. ಕಂಬಕ್ಕೆ ಒಣಹಾಕಿದ ಲುಂಗಿ. ಗಾಳಿಗೆ ಒಂದು ತುದಿ ಏಳುತ್ತಿತ್ತು. ಪದ್ಧತಿಯ ಪ್ರಕಾರ ಅದಕ್ಕೊಂದು ಹೆಸರು ಇಡಬೇಕಿತ್ತು. ಯಾರೂ ಇಡಲಿಲ್ಲ.

ಮೇಡಂ ನಿಂತಿದ್ದ ಜಾಗದಲ್ಲಿ ಕೊಡೆ ಇತ್ತು, ಮಡಚಿ ಮರಕ್ಕೆ ಒರಗಿಸಿದ್ದರು. ಅವರಿರಲಿಲ್ಲ.

ಮಳೆಕಾಡಿನಲ್ಲಿ ಬೆಳಕು ಕಡಿಮೆಯಾಗುವುದಿಲ್ಲ, ಹೊರಟುಹೋಗುತ್ತದೆ. ಅದು ಹೋಗುವುದರೊಳಗೆ ಅವರು ಸಿಗಬೇಕಿತ್ತು. ಕತ್ತಲಾದ ಮೇಲೆ ಆ ಇಳಿಜಾರಿನಲ್ಲಿ ಊರಿನವರೂ ಇಳಿಯುವುದಿಲ್ಲ, ಇಳಿದರೆ ಇನ್ನೊಬ್ಬರನ್ನು ಹುಡುಕಬೇಕಾಗುತ್ತದೆ ಎಂದ ನಿಮಲ್. ಮೊಬೈಲಿಗೆ ಅಲ್ಲಿ ಸಿಗ್ನಲ್ ಇರಲಿಲ್ಲ. ಎಲ್ಲರೂ ಒಟ್ಟಿಗೆ ಕೂಗಬೇಡಿ ಎಂದೂ ಅವನೇ ಹೇಳಿದ. ಎದುರು ಗುಡ್ಡಕ್ಕೆ ಬಡಿದು ದನಿ ತಿರುಗಿ ಬರುತ್ತದೆ. ಯಾರ ದನಿ ಯಾವುದೆಂದು ತಿಳಿಯುವುದಿಲ್ಲ. ಒಬ್ಬರು ಒಂದೇ ಸಲ ಕೂಗಿ ಸುಮ್ಮನಾಗಬೇಕು. ಉತ್ತರಕ್ಕೆ ಕಾಯಬೇಕು. ಸ್ವಲ್ಪ ಮುಂದೆ ಹೋಗಿ ಮತ್ತೊಂದು ಸಲ.

ಹಾಗೇ ಮಾಡಿದೆವು. "ನಾಗರತ್ನ ಮೇಡಂ," ಎಂದು ನಾನು ಕೂಗಿದೆ. ಕಾದೆವು. ಜೀರುಂಡೆ, ಕಪ್ಪೆ, ಹಳ್ಳ. ಮುಂದೆ ಹೋಗಿ ಮಹಾಂತೇಶ ಕೂಗಿದ, "ಅಕ್ಕಾರ." ಕಾದೆವು. ಜೀರುಂಡೆ, ಹಳ್ಳ, ಒಂದು ಪಿಕಳಾರ. ಮತ್ತೂ ಮುಂದೆ ಹೋಗಿ ನಾನು ಕೂಗಿದೆ. ಏನೂ ಇಲ್ಲ.

ಏನೂ ಇಲ್ಲ ಎಂದು ನನಗೆ ಅನಿಸಿದ್ದು ಹಾಗೆ. ಕೆಮ್ಮೀಸೆ ಪಿಕಳಾರ ನಮ್ಮ ಕಡೆ ಎಲ್ಲ ಕಾಂಪೌಂಡಿನಲ್ಲೂ ಇರುವ ಹಕ್ಕಿ. ತಲೆಯ ಮೇಲೆ ಚೂಪು ಜುಟ್ಟು, ಕೆನ್ನೆಯಲ್ಲಿ ಕೆಂಪು ಚುಕ್ಕೆ. ಅದರ ಸಿಳ್ಳೆಗೆ ಯಡಿಯೂರಿನಲ್ಲಿ ಮೇಡಂ ಒಂದು ಮಾತು ಹೊಂದಿಸಿದ್ದಾರೆ: ಕಾಫಿ ಕೊಡ್ತೀರಾ. ಬನಶಂಕರಿಯಲ್ಲಿ ಬೆಳಿಗ್ಗೆ ಕಿಟಕಿ ತೆರೆದರೆ ಬಸ್ಸಿನ ಹಾರ್ನ್ ಇರುವ ಹಾಗೆ ಅದೂ ಇರುತ್ತದೆ. ಇದೆ ಎಂದು ಯಾರೂ ಗಮನಿಸುವುದಿಲ್ಲ.

ಮತ್ತೆ ಬಂತು, ಕೆಳಗಿನಿಂದ. ಕಾಫಿ ಕೊಡ್ತೀರಾ.

"ಪಿಕಳಾರ," ಎಂದ ಮಹಾಂತೇಶ, ಅಭ್ಯಾಸಬಲದಿಂದ.

ನಿಮಲ್ ನಿಂತ. "ಏನಂದ್ರಿ?"

"ಬುಲ್‌ಬುಲ್."

"ಯಾವ ಬುಲ್‌ಬುಲ್?"

ಮಹಾಂತೇಶ ಮೊಬೈಲಿನಲ್ಲಿ ಲಾಲ್‌ಬಾಗಿನಲ್ಲಿ ತೆಗೆದ ಫೋಟೊ ತೋರಿಸಿದ. ನಿಮಲ್ ಅದನ್ನು ನೋಡಿ ಇಳಿಜಾರಿನ ಕಡೆ ನೋಡಿದ.

"ಸರ್, ಈ ಹಕ್ಕಿ ನಮ್ಮ ದೇಶದಲ್ಲಿ ಇಲ್ಲ."

ಬೇರೆ ಪಿಕಳಾರಗಳು ಅಲ್ಲಿವೆ, ಇದು ಇಲ್ಲ. ಇದ್ದರೂ ಅಷ್ಟು ಹೊತ್ತಿಗೆ ಗೂಡು ಸೇರಿ ಸುಮ್ಮನಾಗಿರಬೇಕಿತ್ತು. ಮತ್ತೆ ಸಿಳ್ಳೆ ಬಂತು. ನಿಮಲ್ ಆಗಲೇ ಬೇರುಗಳನ್ನು ಹಿಡಿದು ಇಳಿಯತೊಡಗಿದ್ದ.

ಹಳ್ಳ

ಸಿಳ್ಳೆಯ ಬೆನ್ನು ಹತ್ತಿ ಇಳಿದೆವು. ನೇರ ಕೆಳಕ್ಕೆ ಹೋಗುತ್ತಿದ್ದವರು ಅದು ಬಲಕ್ಕೆ ಕೇಳಿದಾಗ ಬಲಕ್ಕೆ ತಿರುಗಿದೆವು. ಒಂದು ಬಿದ್ದ ಮರ ಅಡ್ಡ ಬಂತು, ಸುತ್ತಿ ಹೋಗುವಾಗ ಅದು ನಮ್ಮ ಹಿಂದೆ ಕೇಳಿತು; ತಿರುಗಿ ಬಂದು ಮರದ ಕೆಳಗಿನಿಂದ ನುಸುಳಿದೆವು. ಕೆಳಗೆ ಹಳ್ಳ. ಚಪ್ಪಟೆ ಬಂಡೆಯ ಮೇಲೆ ಮೇಡಂ ಕಾಲು ಚಾಚಿ ಕೂತಿದ್ದರು. ಸ್ವೆಟರ್ ಒದ್ದೆ. ಬಾಯಿಗೆ ಕರ್ಚೀಫು ಒತ್ತಿ ಹಿಡಿದಿದ್ದರು, ಅದರಲ್ಲಿ ರಕ್ತ. ಜಾರಿ ಬಿದ್ದು ತುಟಿ ಸೀಳಿತ್ತು, ಬಲಗಾಲಿನ ಹರಡು ಊದಿತ್ತು.

ನಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದರು.

"ಅಕ್ಕಾರ, ಅಷ್ಟು ಸಲ ಕೂಗಿದ್ವಿ. ಒಂದು ಸಲರ ಓ ಅನಬಾರದೇನ್ರಿ?" ಎಂದ ಮಹಾಂತೇಶ.

"ಒಂದೊಂದೇ ಸಲ ಕೂಗ್ತಿದ್ರಿ," ಎಂದರು, ಕರ್ಚೀಫಿನ ಒಳಗಿನಿಂದ.

"ಅಂದ್ರ?"

"ಮುಸ್ಸಂಜೇಲಿ ಒಂದು ಸಲ ಕರೆದ್ರೆ ಓ ಅನ್ನಬಾರದು. ಅಮ್ಮ ಹೇಳ್ತಿದ್ರು. ಮನುಷ್ಯರಾದ್ರೆ ಇನ್ನೊಂದು ಸಲ ಕರೀತಾರೆ. ಅದು ಒಂದೇ ಸಲ ಕರೆಯೋದು."

ಸಿದ್ದಾಪುರದ ಅವರ ವಠಾರದಲ್ಲಿ ಒಂದು ಕಾಲಕ್ಕೆ ಎಲ್ಲ ಬಾಗಿಲುಗಳ ಮೇಲೂ ಚಾಕ್‌ಪೀಸಿನಲ್ಲಿ 'ನಾಳೆ ಬಾ' ಎಂದು ಬರೆದಿತ್ತಂತೆ. ಮನೆಯವರ ದನಿಯಲ್ಲೇ ಬಂದು ಕರೆಯುವುದಕ್ಕೆ ಅದು ಉತ್ತರ.

"ಮೇಡಂ, ನೀವು ಬ್ಯಾಂಕಲ್ಲಿ ಅಷ್ಟು ವರ್ಷ ಕೆಲಸ ಮಾಡಿದವರು," ಎಂದೆ.

"ಬ್ಯಾಂಕಲ್ಲಿ ನನ್ನನ್ನ ಯಾರೂ ಕಾಡಿಂದ ಕರೀತಿರಲಿಲ್ಲ."

ನಿಮಲ್ ಅವರ ಕಾಲಿಗೆ ತನ್ನ ಟವೆಲು ಕಟ್ಟುತ್ತಿದ್ದ. ಅವರು ಹೇಳಿದ್ದು ಇಷ್ಟು. ಕೆಂಬೂತದ ದನಿ ಹಿಡಿದು ಸ್ವಲ್ಪ ಕೆಳಗೆ ಇಳಿದರು. ಪೊದೆಯಲ್ಲಿ ಏನೋ ಕದಲಿತು. ಆಗ ಕೆಳಗಿನಿಂದ ಯಾರೋ "ನಾಗೂ" ಎಂದು ಕರೆದರು. ಒಂದೇ ಸಲ. ಬೆಚ್ಚಿ ತಿರುಗುವಾಗ ಕಾಲು ಜಾರಿತು.

"ನೀವು ಮೇಡಂ ಅಂತೀರ, ಇವನು ಅಕ್ಕಾರ ಅಂತಾನೆ. ನಾಗೂ ಅಂತ ಕರೀತಿದ್ದಿದ್ದು ನಮ್ಮಕ್ಕ ಒಬ್ಬಳೇ. ಅವಳು ಹೋಗಿ ಆರು ವರ್ಷ ಆಯ್ತು."

ನಾನು ಇದನ್ನು ನಿಮಲ್‌ಗೆ ಹೇಳಿದೆ. ಅವನು ಯೋಚಿಸಿ, ಕೆಂಬೂತದ ಕೂಗು ಎರಡು ಸ್ವರದ್ದು, ಎರಡನೆಯದು ಉದ್ದ, ಹತ್ತಿರದಿಂದ ಕೇಳಿದರೆ ಹಾಗೆ ಅನಿಸಿರಬಹುದು ಎಂದ. ಅಂದರೆ ಅವರು ಹಕ್ಕಿಯನ್ನು ಮನುಷ್ಯರೆಂದುಕೊಂಡರು, ನಾವು ಮನುಷ್ಯರನ್ನು ಹಕ್ಕಿ ಎಂದುಕೊಂಡೆವು. ಮೇಡಂ ಅದನ್ನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ.

"ಸಿಳ್ಳಿ ಹೊಡೆದದ್ದು ಛಲೋ ಆತು ನೋಡ್ರಿ," ಎಂದ ಮಹಾಂತೇಶ.

"ಹೆಸರಿಗೆ ಓ ಅನ್ನಬಾರದು. ಸಿಳ್ಳೆಗೆ ಏನಂತೆ? ಇಲ್ಲಿ ಇಲ್ಲದ ಹಕ್ಕಿ ಕೂಗಿದ್ರೆ ಮೂರು ಜನರಲ್ಲಿ ಒಬ್ಬರಿಗಾದ್ರೂ ಹೊಳೆಯುತ್ತೆ ಅಂದ್ಕೊಂಡೆ. ಎಷ್ಟು ಹೊತ್ತು ಮಾರಾಯ ನಿಮಗೆ?" ಕರ್ಚೀಫು ತೆಗೆದು ತುಟಿ ತೋರಿಸಿದರು. ಹಣ್ಣಿನಷ್ಟು ಊದಿತ್ತು. "ಎರಡೇ ಸಲ ಹಾಕೋಕಾಗಿದ್ದು. ಆಮೇಲೆ ಗಾಳೀನೇ ನಿಲ್ಲಲಿಲ್ಲ."

"ಅಲ್ರೀ ಅಕ್ಕಾರ, ನಾವು ಕೆಳಗ ಬರುವಾಗ..."

ನಿಮಲ್ ಅವನ ಹೆಗಲ ಮೇಲೆ ಕೈ ಇಟ್ಟ. ಅವನಿಗೆ ಕನ್ನಡ ಬರುವುದಿಲ್ಲ. "ಮೊದಲು ಮೇಲೆ ಹತ್ತೋಣ," ಎಂದ.

ಮಹಾಂತೇಶ ಮೇಡಂ ಅವರನ್ನು ಬೆನ್ನಿಗೆ ಹಾಕಿಕೊಂಡ. ಹಾದಿ ತಲುಪಿದಾಗ ತೋಟದಲ್ಲಿದ್ದ ಲುಂಗಿಯನ್ನು ಯಾರೋ ಒಳಗೆ ಒಯ್ದಿದ್ದರು. ಕಂಬ ಮಾತ್ರ ಇತ್ತು.

ಮತ್ತೆ ಯಡಿಯೂರು

ಹರಡು ಮುರಿದಿರಲಿಲ್ಲ. ತುಟಿಗೆ ಹೊಲಿಗೆ ಬಿತ್ತು. ಮರಳಿ ಬಂದ ಮೇಲೆ ಹಲವು ವಾರ ಮೇಡಂ ಕೆರೆಗೆ ಬರಲಿಲ್ಲ. ಆಮೇಲೆ ಕೋಲು ಹಿಡಿದು ಬಂದರು. ಕೆಂಬೂತ ಕಂಡಿತೇ ಎಂದು ಗುಂಪಿನವರು ಕೇಳಿದರು. ಕಂದು ರೆಕ್ಕೆ ಕಂಡಿತು, ಕೊಕ್ಕು ಕಾಣಲಿಲ್ಲ, ಆದ್ದರಿಂದ ನೋಡಿದೆ ಅನ್ನಲಾರೆ ಎಂದರು. ಸಿಳ್ಳೆ ಎಷ್ಟು ಸಲ ಕೇಳಿತು ಎಂಬ ಬಗ್ಗೆ ಮಹಾಂತೇಶನೂ ನಾನೂ ಅವರೆದುರು ಮಾತೆತ್ತಿರಲಿಲ್ಲ. ನಾವಿಬ್ಬರೇ ಇದ್ದಾಗಲೂ ಒಂದೇ ಸಲ ಮಾತಾಡಿದ್ದು. ಇಳಿಯುವಾಗ ಐದಾರು ಸಲವಾದರೂ ಕೇಳಿತು ಎಂದು ಅವನು, ಅದಕ್ಕಿಂತ ಕಡಿಮೆ ಎಂದು ನಾನು. ಎರಡಕ್ಕಿಂತ ಹೆಚ್ಚು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಮಾರ್ಚ್‌ನ ಒಂದು ಭಾನುವಾರ ನಿಮಲ್‌ನಿಂದ ಮಹಾಂತೇಶನ ಮೊಬೈಲಿಗೆ ಒಂದು ಆಡಿಯೊ ಬಂತು. ಜೊತೆಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಹಿಂದಿನ ಸಂಜೆ ಅದೇ ಇಳಿಜಾರಿನಲ್ಲಿ ದಾಖಲಿಸಿದ್ದು. ಕಾಜಾಣ ಬೇರೆ ಹಕ್ಕಿಗಳ ದನಿ ಅನುಕರಿಸುತ್ತದೆ, ಅದು ಕಲಿತಿರಬಹುದು ಎಂದು ಬರೆದಿದ್ದ. ಹುಡುಕಿದೆ, ಕಾಜಾಣ ಕಾಣಲಿಲ್ಲ ಎಂದೂ ಬರೆದಿದ್ದ.

ಕೆರೆಯ ಬೆಂಚಿನ ಮೇಲೆ ಕೂತು ಕೇಳಿದೆವು. ಜೀರುಂಡೆ, ಹಳ್ಳ, ಆಮೇಲೆ ಸಿಳ್ಳೆ. ಹಕ್ಕಿಯ ದನಿ ಗುರುತಿಸುವ ಆ್ಯಪ್‌ಗೆ ಮಹಾಂತೇಶ ಅದನ್ನು ಕೇಳಿಸಿದ. ಕೆಮ್ಮೀಸೆ ಪಿಕಳಾರ ಎಂದು ಚಿತ್ರ ತೋರಿಸಿತು.

"ತಪ್ಪು," ಎಂದರು ಮೇಡಂ. "ಇನ್ನೊಂದು ಸಲ ಹಾಕು."

ಹಾಕಿದ. ಮೇಡಂ ಮೊಬೈಲನ್ನು ಕಿವಿಗೆ ಹಿಡಿದು ಕಣ್ಣು ಮುಚ್ಚಿ ಕೇಳಿದರು.

"ಕೊನೇ ಸ್ವರದಲ್ಲಿ ಗಾಳಿ ಸೋರುತ್ತೆ, ಕ್ರಿಯಾ ಕೇಳು. ಪಿಕಳಾರಕ್ಕೆ ಸೋರಲ್ಲ. ನನಗೆ ಮುಂದಿನ ಹಲ್ಲು ಸಂದು, ಅಲ್ಲಿ ಸೋರುತ್ತೆ." ಮೊಬೈಲನ್ನು ಮಹಾಂತೇಶನ ಕೈಗೆ ಕೊಟ್ಟರು. "ಇದು ಹಕ್ಕಿ ಅಲ್ಲ ಕಣೋ. ಇದು ನಾನು."

ಆ ಆಡಿಯೊ ದಾಖಲಾದ ಸಂಜೆ ಅವರು ಯಡಿಯೂರಿನಲ್ಲಿದ್ದರು. ಸಂಜೆಯ ವಾಕಿಂಗಿನಲ್ಲಿ ನಾನು ಅವರ ಜೊತೆಗಿದ್ದೆ.

ನಿಮಲ್‌ನ ಇತ್ತೀಚಿನ ಸಂದೇಶ ಕಳೆದ ಗುರುವಾರ ಬಂದದ್ದು. ಸಿಳ್ಳೆ ಈಗಲೂ ಕೇಳುತ್ತದೆ, ಸಂಜೆ ಮಾತ್ರ. ಹಾಕುವ ಹಕ್ಕಿ ಇನ್ನೂ ಕಂಡಿಲ್ಲ. ಸಿಳ್ಳೆ ಈಗ ಹಳ್ಳದಿಂದ ಮೇಲೆ, ಚಹಾ ತೋಟದ ಹಾದಿಯವರೆಗೆ ಬಂದಿದೆ.